ಹೆಸರು ಹೇಳದ ಏಳು ಮನೆಗಳು

ಕಿಟಕಿಯ ಚೌಕಟ್ಟಿನ ಮೇಲೆ ಬೆರಳೆಳೆದಾಗ ಏನೋ ಅಂಟಿದಂತಾಯಿತು.

ಪಿಎಸ್‌ಐ ದಾಕ್ಷಾಯಿಣಿ ಬ್ಯಾಟರಿಯನ್ನು ಹತ್ತಿರ ಹಿಡಿದಳು. ಹೊಸ ಬಣ್ಣದ ಮೇಲೆ ಮೂರು ಬೆರಳಗಲದ ಗೆರೆಯೊಂದು ಚೌಕಟ್ಟಿನ ನಾಲ್ಕೂ ಬದಿಗೆ ಓಡಿತ್ತು. ಯಾರೋ ಅಗಲವಾದ ಟೇಪು ಹಚ್ಚಿ ಕಿಟಕಿಯನ್ನು ಬಿಗಿಯಾಗಿ ಮುಚ್ಚಿ, ಆಮೇಲೆ ಕಿತ್ತಿದ್ದರು. ಟೇಪು ಹೋಗಿತ್ತು. ಅಂಟು ಉಳಿದು, ಅದರ ಮೇಲೆ ಧೂಳು ಕೂತಿತ್ತು.

ಹಾಲ್‌ಗೆ ತೆರೆಯುವ ಬಾಗಿಲಿಗೂ ಅದೇ ಗೆರೆ. ಮೇಲಿನ ಗವಾಕ್ಷಿಗೂ ಅದೇ.

"ಚಾ ತರ್ಲೇನ್ರಿ ಮೇಡಂ?" ಹೊಸ್ತಿಲಲ್ಲಿ ನಿಂತಿದ್ದ ಮನೆಯೊಡತಿ ಅನ್ನಪೂರ್ಣಾ ಮೂರನೆಯ ಸಲ ಕೇಳಿದರು. ಕೈಯಲ್ಲಿದ್ದ ಕರದಂಟಿನ ತಟ್ಟೆಯನ್ನು ಎಲ್ಲಿಡಬೇಕೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ದಾಕ್ಷಾಯಿಣಿ ಬೇಡವೆಂದಳು. ಈ ಮಲಗುವ ಕೋಣೆಯ ಹಿಂಗೋಡೆಗೆ ಹತ್ತಿಕೊಂಡೇ ಇರುವ ಬಾಡಿಗೆ ಕೋಣೆಯಲ್ಲಿ ಟೇಲರ್ ಕಸ್ತೂರಿ ಸತ್ತು ಇಂದಿಗೆ ಐದು ದಿನ. ಆ ಸಾವಿನ ತಪ್ಪನ್ನು ನಿನ್ನೆ ದಾಕ್ಷಾಯಿಣಿಯೇ, ಮನೆಮನೆಗೆ ಹೋಗಿ ಗೆದ್ದಲು, ಜಿರಳೆಗಳಿಗೆ ಔಷಧ ಹೊಡೆಯುವ ಶಿದ್ರಾಮನ ತಲೆಗೆ ಕಟ್ಟಿದ್ದಳು.

ಬೆಳಿಗ್ಗೆ ಶವಪರೀಕ್ಷೆ ಮಾಡಿದ ಡಾಕ್ಟರು ಫೋನ್ ಮಾಡಿ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಸಾವಿಗೆ ಕಾರಣ ಸಿಂಪಡಿಸುವ ಔಷಧವಲ್ಲ. ಕಾಳಿನ ಗೋದಾಮುಗಳಲ್ಲಿ ಇಡುತ್ತಾರಲ್ಲ, ಆ ಗುಳಿಗೆಯಿಂದ ಹೊರಡುವ ಗಾಳಿ. ಮನುಷ್ಯರು ಮಲಗುವ ಮನೆಯಲ್ಲಿ ಅದನ್ನು ಯಾರೂ ಇಡಬಾರದು. ತಾಮ್ರ ಕೂಡ ಅದರಿಂದ ಕಪ್ಪಾಗುತ್ತದೆ.

ಶಿದ್ರಾಮನ ಅಂಗಡಿಯಲ್ಲಿ ಅಂಥ ಗುಳಿಗೆಯ ಒಂದು ಚೂರೂ ಸಿಕ್ಕಿರಲಿಲ್ಲ. ಸಂಶಯ ಬರುವಂಥದ್ದು ಅಲ್ಲಿ ಏನೂ ಇಲ್ಲವೆಂಬುದು ನಿನ್ನೆಯೂ ಅವಳಿಗೆ ಗೊತ್ತಿತ್ತು.

ಆದರೂ ಅವನ ಬೆನ್ನಿಗೆ ಅವನದೇ ಔಷಧದ ಕ್ಯಾನು ಹೊರಿಸಿ, ಕಲ್ಮೇಶ್ವರ ನಗರದ ಮುಖ್ಯ ರಸ್ತೆಯುದ್ದಕ್ಕೂ ನಡೆಸಿಕೊಂಡು ಬಂದಿದ್ದಳು. ಜೀಪು ಇತ್ತು. ನಡೆಸಬೇಕೆಂದೇ ನಡೆಸಿದ್ದಳು. ಹುಕ್ಕೇರಿಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು, ಬಡಾವಣೆಯ ಈ ಹೊಸ ಚೌಕಿಯನ್ನು ಜನ ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಜನ ನೋಡಲಿ ಎಂದುಕೊಂಡಿದ್ದಳು. ಜನ ನೋಡಿದರು. ಮೊಬೈಲಿನಲ್ಲಿ ಹಿಡಿದುಕೊಂಡರು. ಅವನು ಯಾರ ಮನೆಯ ಅಡುಗೆಕಟ್ಟೆಯ ಕೆಳಗೆ ಮೊಣಕಾಲೂರಿ ಕೆಲಸ ಮಾಡಿದ್ದನೋ ಅವರೇ ಗೇಟಿಗೆ ಬಂದು ನಿಂತು ನೋಡಿದರು.

ಇವತ್ತು ಬೆಳಿಗ್ಗೆ ಅವನಿಗೆ, ನೀನು ಹೋಗಬಹುದು ಎಂದಷ್ಟೇ ಹೇಳಿ ಅವಳು ಮುಖ ತಿರುಗಿಸಿಕೊಂಡಿದ್ದಳು, ಮಧ್ಯಾಹ್ನ ಇಲ್ಲಿಗೆ ಬಂದಿದ್ದಳು. ತಪ್ಪಾಯಿತು ಎಂಬ ಮಾತು ನಾಲಿಗೆಯ ತನಕ ಬಂದು ನಿಂತಿತ್ತು.

"ಭೀಮಶಿ, ಈ ಅಲಮಾರಿ ಸ್ವಲ್ಪ ಸರಸ್ರಿ."

ಕಾನ್‌ಸ್ಟೇಬಲ್ ಭೀಮಶಿ ಭುಜ ಕೊಟ್ಟು ದೂಡಿದ. ಅಲಮಾರಿಯ ಹಿಂದೆ ಒಂದು ಬಾಗಿಲಿತ್ತು. ಕಸ್ತೂರಿಯ ಕೋಣೆಗೆ ಹೋಗುವ ಬಾಗಿಲು, ಬಾಡಿಗೆ ಕೊಟ್ಟ ದಿನದಿಂದ ಮುಚ್ಚಿಯೇ ಇತ್ತು. ಕೆಳಗೆ ಬೆರಳು ತೂರುವಷ್ಟು ಸಂದು. ಸಂದಿನಲ್ಲಿ ಗುಲಾಬಿ ರೇಷ್ಮೆಯ ಒಂದು ಕತ್ತರಿ ಚೂರು ಆಚೆಯಿಂದ ಈಚೆಗೆ ಸರಿದು ಬಂದಿತ್ತು.

ಈ ಬಾಗಿಲಿಗೆ ಮಾತ್ರ ಅಂಟಿನ ಗೆರೆ ಇರಲಿಲ್ಲ.

ಕಿಟಕಿ, ಬಾಗಿಲು, ಗವಾಕ್ಷಿ ಮೂರನ್ನೂ ಮುಚ್ಚಿದವರು ಅಲಮಾರಿಯ ಹಿಂದಿನದನ್ನು ಮರೆತಿದ್ದರು. ಅಥವಾ ಅಲ್ಲೊಂದು ಬಾಗಿಲಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ.

ಮಂಚದ ಕಾಲಿನ ಬುಡದಲ್ಲಿ ಬೂದಿಯಂಥ ಪುಡಿ ಚಿಟಿಕೆಯಷ್ಟು ಉಳಿದಿತ್ತು. ಮುಟ್ಟಬೇಡ ಎಂದು ಭೀಮಶಿಗೆ ಸನ್ನೆ ಮಾಡಿದಳು. ತಲೆದಿಂಬಿನ ಹತ್ತಿರದ ಗೂಡಿನಲ್ಲಿ ನೀರಿನ ತಾಮ್ರದ ತಂಬಿಗೆ. ಶ್ರಾವಣವೆಂದು ಈ ಮನೆಯ ದೇವರ ಜಗುಲಿಯ ಮೇಲಿನ ತಾಮ್ರದ ಸಾಮಾನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಹೊಳೆಯುತ್ತಿತ್ತು. ಈ ತಂಬಿಗೆ ಮಾತ್ರ ಒಲೆಯ ಮೇಲಿಟ್ಟಂತೆ ಕಪ್ಪಾಗಿತ್ತು.

ಅವಳು ಭೀಮಶಿಯನ್ನು ಗೇಟಿಗೆ ಕಳಿಸಿದಳು. ಅನ್ನಪೂರ್ಣಾರನ್ನು ಹಾಲ್‌ಗೆ ಕರೆದು ಕೂರಿಸಿ, ತಾನೂ ಎದುರು ಕೂತಳು. ಒಳಗೆ ಅಡುಗೆಮನೆಯಲ್ಲಿ ಮಗಳು ಲಕ್ಷ್ಮೀಯ ಬಳೆಯ ಸದ್ದು ನಿಂತುಹೋಯಿತು. ಮನೆಯ ಯಜಮಾನ ರಾಚಪ್ಪ ಬೆಳಿಗ್ಗೆಯೇ ಹತ್ತರಗಿಗೆ ಹೋಗಿದ್ದರು. ಲಕ್ಷ್ಮೀಗೆ ಅಲ್ಲಿಯ ಸಂಬಂಧ ಗೊತ್ತುಮಾಡಿದ್ದರು. ಗಂಡಿನ ಕಡೆಯವರು ಬುಧವಾರ ಬಂದು ಎರಡು ದಿನ ಉಳಿದು ನಿಶ್ಚಯ ಮುಗಿಸಬೇಕಿತ್ತು. ಮಂಗಳವಾರ ಬೆಳಿಗ್ಗೆ ಹಿತ್ತಲ ಕೋಣೆಯಲ್ಲಿ ಹೆಣ ಸಿಕ್ಕಿತು.

"ಸೋಮವಾರ ನಿಮ್ಮನ್ಯಾಗ ಏನ್ ಅಡಗಿ ಮಾಡಿದ್ರಿ?"

ಅನ್ನಪೂರ್ಣಾ ಗಾಬರಿಯಾದರು. ಇಂಥ ಪ್ರಶ್ನೆಯನ್ನು ಅವರು ಎದುರು ನೋಡಿರಲಿಲ್ಲ. ಅಂದು ಮನೆಗೆ ಬೀಗ ಹಾಕಿ ಮೂವರೂ ಗೋಕಾಕ ಪ್ಯಾಟಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆವು, ಮಂಗಳವಾರವೇ ಬಂದದ್ದು ಎಂದರು.

"ಶ್ರಾವಣ ಸೋಮವಾರ ಬಳ್ಳೊಳ್ಳಿ ತಿಂತೀರಿ?"

"ಇಲ್ರಿ. ಮುಟ್ಟೂದ ಇಲ್ಲ."

"ಹಂಗಾರ ಬೀಗ ಹಾಕಿದ ಮನಿಯಿಂದ ಸೋಮವಾರ ಸಂಜಿಮುಂದ ಬಳ್ಳೊಳ್ಳಿ ವಾಸನಿ ಹೆಂಗ ಬಂತ್ರಿ?"

ಅನ್ನಪೂರ್ಣಾ ಅಡುಗೆಮನೆಯ ಕಡೆ ತಿರುಗಿ ನೋಡಿದರು.

ದಾಕ್ಷಾಯಿಣಿ ನಿಧಾನವಾಗಿ ಹೇಳಿದಳು. ಕಸ್ತೂರಿಯ ತಾಯಿ ಲಗಮವ್ವ ಮಸಗುಪ್ಪಿಯಲ್ಲಿದ್ದಾಳೆ. ಸೋಮವಾರ ಸಂಜೆ ಮಗಳು ಅವಳಿಗೆ ಫೋನ್ ಮಾಡಿದ್ದಳು. ಮಾಲಕರ ಮನೆಯಲ್ಲಿ ಯಾರೂ ಇಲ್ಲ, ಆದರೂ ಗೋಡೆಯ ಆಚೆಯಿಂದ ಬೆಳ್ಳುಳ್ಳಿ ವಾಸನೆ ಬರುತ್ತಿದೆ, ತಲೆ ಸಿಡಿಯುತ್ತಿದೆ ಎಂದಿದ್ದಳು. ಮಣ್ಣು ಕೊಡುವ ದಿನ ಲಗಮವ್ವ ಇದನ್ನು ಹೇಳಿಕೊಂಡು ಅತ್ತಾಗ ಯಾರೂ ಕಿವಿಗೊಟ್ಟಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ದಾಕ್ಷಾಯಿಣಿಯೂ ಕೊಟ್ಟಿರಲಿಲ್ಲ. ಆ ಗುಳಿಗೆಯ ಗಾಳಿಗೆ ಅದೇ ವಾಸನೆ ಎಂದು ಡಾಕ್ಟರು ಹೇಳಿದ್ದು ಇವತ್ತು.

ಅನ್ನಪೂರ್ಣಾ ಎದ್ದು ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡು ಬಂದರು. ಮತ್ತೆ ಕೂತಾಗ ಸೆರಗಿನ ತುದಿ ಬಾಯಿಗೆ ಹೋಗಿತ್ತು.

"ತಗಣಿ ಆಗಿದ್ವುರಿ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಎಂದರೆ ದಾಕ್ಷಾಯಿಣಿ ಮುಂದೆ ಬಾಗಬೇಕಾಯಿತು.

ಆಮೇಲೆ ತಡೆಯಲಿಲ್ಲ. ಕಬ್ಬಿನ ಹೊಲ ಪ್ಲಾಟುಗಳಾಗಿ, ನಾಲ್ಕು ವರ್ಷದಲ್ಲಿ ಮುನ್ನೂರು ಮನೆ ಎದ್ದ ಈ ನಗರದಲ್ಲಿ ಗೆದ್ದಲು ಬಂದರೆ ಯಾರೂ ಮುಚ್ಚಿಡುತ್ತಿರಲಿಲ್ಲ. ಇಲಿ ಬಂದರೆ ಕಾಂಪೌಂಡಿನ ಮೇಲಿಂದಲೇ ಮಾತಾಡಿಕೊಳ್ಳುತ್ತಿದ್ದರು. ತಿಗಣೆ ಹಾಗಲ್ಲ. ತಿಗಣೆ ಎಂದರೆ ಹೊಲಸು ಮನೆ ಎಂದರ್ಥ. ಗಂಡಿನ ಕಡೆಯವರು ಬಂದು ಮಲಗಿ, ಬೆಳಗಾಗುವಾಗ ಮೈ ತುರಿಸಿಕೊಳ್ಳುತ್ತ ಎದ್ದರೆ ಲಕ್ಷ್ಮೀಯ ಗತಿಯೇನು?

ತಿಂಗಳ ಹಿಂದೆ ಶಿದ್ರಾಮನನ್ನು ಕರೆಸಿದ್ದರು. ಮಧ್ಯಾಹ್ನ ಓಣಿಯೆಲ್ಲ ಮಲಗಿದಾಗ ಬಾ, ಹೆಸರು ಬರೆದ ಕ್ಯಾನು ತರಬೇಡ ಎಂದಿದ್ದರು. ಅವನು ಹಾಗೆಯೇ ಬಂದ. ಎಣ್ಣೆಬಟ್ಟೆಯ ಚೀಲದಲ್ಲಿ ಸಾಮಾನು ತಂದು, ಮಂಚದ ಸಂದಿಗೊಂದಿ ಬಿಡದೆ ಕುದಿವ ಹಬೆ ಹಿಡಿದ, ಔಷಧ ಸವರಿದ. ತತ್ತಿಗಳು ಒಡೆದ ಮೇಲೆ ಇನ್ನೊಂದು ಸಲ ಮಾಡಬೇಕು, ಅಲ್ಲಿಯ ತನಕ ತಾಳಿಕೊಳ್ಳಿ ಎಂದು ಹೇಳಿ ಹೋದ. ನಾಚಿಕೆ ಪಟ್ಟುಕೊಳ್ಳಬೇಡಿ, ದೊಡ್ಡ ದೊಡ್ಡವರ ಮನೆಯಲ್ಲೂ ಆಗಿವೆ ಎಂದನಂತೆ. ಯಾರ ಮನೆಯಲ್ಲಿ ಎಂದು ಕೇಳಿದರೆ ನಕ್ಕನಂತೆ, ಹೇಳಲಿಲ್ಲ.

ದಾಕ್ಷಾಯಿಣಿಗೂ ಅವನು ಹೇಳಿರಲಿಲ್ಲ. ನಿನ್ನೆ ಚೌಕಿಯಲ್ಲಿ ಎಷ್ಟು ಗದರಿಸಿದರೂ ಒಂದೇ ಮಾತು: ಏಳು ಮನೆಗೆ ತಿಗಣೆಗೆಂದು ಹೋಗಿದ್ದೇನೆ, ಮನೆಯವರ ಹೆಸರು ಕೇಳಬೇಡಿ, ಹೆಸರು ಬರೆದಿಟ್ಟ ವಹಿಯನ್ನೂ ಕೊಡುವುದಿಲ್ಲ. ಅದನ್ನು ಅವಳು ಸೊಕ್ಕು ಎಂದುಕೊಂಡಿದ್ದಳು.

"ಕಸ್ತೂರಿಗೆ ಏನ್ ಹೇಳಿದ್ರಿ?" ಎಂದು ಕೇಳಿದಳು.

ಅನ್ನಪೂರ್ಣಾರ ಕಣ್ಣು ತುಂಬಿದವು. ಬೀಗರು ಬರುತ್ತಾರೆ, ಮನೆ ಸುಣ್ಣಬಣ್ಣ ಕಾಣಬೇಕು, ಎರಡು ದಿನ ಮಸಗುಪ್ಪಿಗೆ ಹೋಗಿ ಬಾ ಎಂದಿದ್ದರು. ಗಂಡ ಬಿಟ್ಟ ಹೆಂಗಸು ಎದುರಿಗೆ ಬರಬಾರದೆಂದು ಹೇಳುತ್ತಿದ್ದಾರೆಂದು ಕಸ್ತೂರಿ ತಿಳಿದುಕೊಂಡಳು. ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದಳು. ಆದರೆ ಲಕ್ಷ್ಮೀಯ ನಿಶ್ಚಯದ ಜಂಪರಿಗೆ ಕೈಹೊಲಿಗೆ ಬಾಕಿಯಿತ್ತು. ಸಂಜೆಯ ಬಸ್ಸಿಗೆ ಯಾರಿಗೂ ಹೇಳದೆ ಮರಳಿ ಬಂದು, ಬಾಗಿಲು ಹಾಕಿಕೊಂಡು ಹೊಲಿಯಲು ಕೂತಳು. ಬೆಳಿಗ್ಗೆ ಅವಳು ಸಿಕ್ಕಿದ್ದು ಮಷಿನ್ನಿನ ಮೇಲೆ ತಲೆಯಿಟ್ಟುಕೊಂಡು. ಕೆನ್ನೆಯ ಕೆಳಗೆ ಆ ಗುಲಾಬಿ ಜಂಪರು.

"ಒಂದ ಮಾತ್ರಿ," ಎಂದರು ಅನ್ನಪೂರ್ಣಾ. "ತಗಣಿ ಆಗ್ಯಾವವ್ವಾ, ವಿಷದ ಔಷಧ ಇಡಾಕತ್ತೇವಿ, ಈ ಕಡಿ ಹಾಯಬ್ಯಾಡ ಅಂತ ಒಂದ ಮಾತ ಅಂದಿದ್ರ ಅಕಿ ಇವತ್ತ ಇರ್ತಿದ್ಲು. ಬಾಡಿಗಿದಾಕಿ ಮುಂದ ಹೆಂಗ ಹೇಳ್ಲಿ ಅಂತ ನನಗ ನಾಚಿಕಿ ಬಂತು."

ಗದರಬೇಕಾದ ಜಾಗ ಇದು, ಅದು ದಾಕ್ಷಾಯಿಣಿಗೆ ಗೊತ್ತಿತ್ತು. ದನಿ ಏಳಲಿಲ್ಲ.

"ಗುಳಿಗಿ ಯಾರ ಇಟ್ಟವರು?"

"ಶಿದ್ರಾಮನ ಮನಷ್ಯಾ."

ಆ ಕ್ಷಣ ದಾಕ್ಷಾಯಿಣಿಯ ಎದೆ ಹಗುರಾಯಿತು. ಹಾಗಾದರೆ ನಾನು ತಪ್ಪು ಮಾಡಿರಲಿಲ್ಲ, ನಡುಬೀದಿಯಲ್ಲಿ ನಡೆಸಿದ್ದು ತಪ್ಪಾಗಿರಲಿಲ್ಲ. ಸತ್ತವಳ ಎದುರಿಗೆ, ಅಳುತ್ತಿರುವ ಹೆಂಗಸಿನ ಎದುರಿಗೆ ಕೂತು ತನಗೆ ಬಂದ ಮೊದಲ ಭಾವನೆ ಸಮಾಧಾನ ಎಂಬುದು ಮರುಕ್ಷಣ ಹೊಳೆದು, ಅವಳ ಕಿವಿ ಬಿಸಿಯಾದವು.

ಆ ಮನುಷ್ಯನನ್ನು ಅನ್ನಪೂರ್ಣಾ ಮೊದಲು ಕಂಡಿರಲಿಲ್ಲ. ನಲವತ್ತರ ಆಸುಪಾಸು, ಕಪ್ಪು ಬೈಕು, ಕೈಯಲ್ಲಿ ನೀಲಿ ರಟ್ಟಿನ ಒಂದು ವಹಿ. ಶಿದ್ರಾಮನಿಗೆ ಜ್ವರ, ಎರಡನೆಯ ಸಲದ್ದು ನಾನೇ ಮಾಡಿ ಹೋಗುತ್ತೇನೆ ಎಂದ. ವಹಿಯಲ್ಲಿ ಇವರ ಹೆಸರು, ಮನೆಯ ಗುರುತು, ಶಿದ್ರಾಮ ಬಂದ ತಾರೀಖು ಎಲ್ಲವೂ ಇತ್ತು. ನಂಬದಿರಲು ಕಾರಣವೇ ಇರಲಿಲ್ಲ. ಒಂದೇ ದಿನದಲ್ಲಿ ಎಲ್ಲ ಸಾಫಾಗುತ್ತದೆ, ಮನೆ ಬಿಟ್ಟು ಹೋಗಿ ಎಂದು ಹೇಳಿ ದುಡ್ಡು ಎಣಿಸಿಕೊಂಡ.

"ಇದನ್ನ ನೀವು ಮೊದಲನೇ ದಿನಾನ ಹೇಳಬೇಕಿತ್ತು."

"ಇವತ್ತೂ ಹೇಳ್ತಿರಲಿಲ್ರಿ." ಅನ್ನಪೂರ್ಣಾ ತಲೆ ಎತ್ತಿದರು. "ಮುಂಜಾನಿ ಆಂವ ಮತ್ತ ಬಂದಿದ್ದ. ಇದ ಓಣ್ಯಾಗ."

ಹಾಲಿನ ಡೇರಿಯ ಹತ್ತಿರ ಅವನನ್ನು ಕಂಡು ಅನ್ನಪೂರ್ಣಾ ಅಡ್ಡಗಟ್ಟಿದ್ದರು. ನಿನ್ನಿಂದ ಒಂದು ಜೀವ ಹೋಯಿತು, ಪೊಲೀಸರಿಗೆ ಹೇಳುತ್ತೇನೆ ಎಂದಿದ್ದರು. ಅವನು ಬೈಕಿನಿಂದ ಇಳಿಯಲೂ ಇಲ್ಲ. ಹೇಳಿ, ನಾನು ಹತ್ತರಗಿಗೆ ಹೋಗಿ ನಿಮ್ಮ ಮಂಚದ ಸುದ್ದಿ ಹೇಳುತ್ತೇನೆ ಎಂದ.

"ಮತ್ತೇನಂದ?"

"ಇನ್ನ ಒಂದ ಮನಿ ಉಳದೈತಿ, ಇವತ್ತ ಮುಗಿಸಿ ಊರ ಬಿಡ್ತೇನಿ ಅಂದ."

ಗೋಡೆಯ ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಯಾವ ಮನೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವವನು ಒಬ್ಬನೇ, ಶಿದ್ರಾಮ.

ಗೇಟಿನಲ್ಲಿ ಭೀಮಶಿಗೆ, ಆ ಕೋಣೆಗೆ ಯಾರನ್ನೂ ಬಿಡಬೇಡ, ಕಪ್ಪು ಬೈಕು ಕಂಡರೆ ತಡೆ, ಅಗ್ನಿಶಾಮಕದವರಿಗೂ ಆಂಬುಲೆನ್ಸಿಗೂ ಈಗಲೇ ಫೋನ್ ಮಾಡಿ ಚೌಕಿಗೆ ಕರೆಸು ಎಂದು ಹೇಳಿ ದಾಕ್ಷಾಯಿಣಿ ಜೀಪು ಹತ್ತಿದಳು. ದಾರಿಯಲ್ಲಿ ಅವಳಿಗೊಂದು ಭಯ ಹುಟ್ಟಿತು. ಬೆಳಿಗ್ಗೆಯೇ ಬಿಟ್ಟ ಶಿದ್ರಾಮ ಈ ಹೊತ್ತಿಗೆ ತನ್ನೂರು ಕುಲಗೋಡ ಮುಟ್ಟಿರುತ್ತಾನೆ. ಅವನ ಫೋನು ಇನ್ನೂ ಚೌಕಿಯ ಕಪಾಟಿನಲ್ಲೇ ಇದೆ.

ಅವನು ಹೋಗಿರಲಿಲ್ಲ. ಚೌಕಿಯ ಹಿಂದೆ, ರಸ್ತೆಗೆ ಕಾಣದ ಕಡೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಮಗ್ಗುಲಲ್ಲಿ ಔಷಧದ ಖಾಲಿ ಕ್ಯಾನು. ಅದರ ಮೇಲೆ ಬರೆದಿದ್ದ ತನ್ನ ಹೆಸರನ್ನು ಕಲ್ಲಿನಿಂದ ಕೆರೆದು ಅರ್ಧ ಅಳಿಸಿದ್ದ.

"ಊರಿಗ್ ಹೋಗಲಿಲ್ಲ?"

"ಕುಲಗೋಡ ಬಸ್ಸಿನ್ಯಾಗ ಎಲ್ಲಾರೂ ಗುರ್ತಿನವರ ಇರ್ತಾರ್ರಿ," ಎಂದ. "ವಿಡಿಯೋ ನಮ್ಮ ಮಂದಿಗೂ ಮುಟ್ಟೇತಂತ."

ಅವನು ಎದ್ದು ನಿಲ್ಲಲು ಹೋದ. ಬೇಡವೆಂದು ಕೈ ಮಾಡಿ ಅವಳೇ ಅವನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಗುಳಿಗೆಯ ಸಂಗತಿ, ನೀಲಿ ವಹಿ, ಕಪ್ಪು ಬೈಕಿನವನು, ಉಳಿದಿರುವ ಒಂದು ಮನೆ, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. ನಿನ್ನ ಆಳು ಯಾರು ಎಂದು ಕೇಳಿದಳು.

"ನನಗ್ಯಾವ ಆಳ್ರಿ. ನಾ ಒಬ್ಬನ."

ಶಿದ್ರಾಮನ ಮುಖದ ಬಣ್ಣವೇ ಇಳಿದುಹೋಗಿತ್ತು. ಅವನು ಕುರುಬರ ಮನೆಯವನು. ಹುಡುಗನಾಗಿದ್ದಾಗ ಅಪ್ಪನ ಜೊತೆ ಕುರಿಗಳ ಮೈಗೆ ಹತ್ತುವ ಉಣ್ಣೆಹುಳಕ್ಕೆ ಔಷಧ ಕಲಸಿ ಕೈ ಪಳಗಿತ್ತು, ಆಮೇಲೆ ತರಬೇತಿ ಪಡೆದು, ಲೈಸೆನ್ಸು ಮಾಡಿಸಿಕೊಂಡು ಈ ಕೆಲಸಕ್ಕೆ ಇಳಿದಿದ್ದ. ಒಂದು ದಿನವೂ ಯಾರ ಮಗುವಿಗೂ ಕೆಮ್ಮು ಬರಿಸದೆ ಎಂಟು ವರ್ಷ ಮಾಡಿದ್ದ. ಆ ವಹಿ ಅವನದೇ. ಹದಿನೈದು ದಿನದ ಹಿಂದೆ ಮೂಡಲಗಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಚೀಲ ಇಟ್ಟು ಕೈತೊಳೆದು ಬರುವಷ್ಟರಲ್ಲಿ ವಹಿಯೊಂದೇ ಮಾಯವಾಗಿತ್ತು.

ಯಾರಿಗೂ ಹೇಳಲಿಲ್ಲ. ಹೆಸರು ಹೊರಗೆ ಬರುವುದಿಲ್ಲ ಎಂದು ಏಳು ಮನೆಗೆ ಮಾತು ಕೊಟ್ಟವನು, ಏಳು ಹೆಸರೂ ಕಳೆದುಹೋದವು ಎಂದು ಹೇಗೆ ಹೇಳುವುದು? ನಿನ್ನೆ ಅವಳು ವಹಿ ಎಲ್ಲಿ ಎಂದು ಕೂಗಿದಾಗ ಕೊಡುವುದಿಲ್ಲ ಎಂದಿದ್ದ. ಕಳೆದಿದೆ ಎನ್ನುವುದಕ್ಕಿಂತ ಏಟು ತಿನ್ನುವುದು ಹಗುರೆನಿಸಿತ್ತು.

"ಹೇಳಿದ್ರ ಆ ಟೇಲರ್ ಕಸ್ತೂರಿ ಉಳೀತಿದ್ಲೇನ್ರಿ?" ಎಂದ.

"ನಿನ್ನೆ ನಾ ನಿನಗ ಮಾಡಿದ್ದು…" ಎಂದು ದಾಕ್ಷಾಯಿಣಿ ಶುರು ಮಾಡಿದಳು.

"ಅದು ಆಮ್ಯಾಲರಿ." ಅವನು ಮಾತು ತಡೆದ. ತಡೆದದ್ದರಲ್ಲಿ ಸಿಟ್ಟಿರಲಿಲ್ಲ. "ಎರಡನೇ ಸಲದ್ದು ಬಾಕಿ ಇದ್ದ ಮನಿ ಎರಡ. ಒಂದ ರಾಚಪ್ಪಾರದು."

"ಇನ್ನೊಂದು?"

ಅವನು ನೆಲ ನೋಡಿದ. ಬೆರಳಿನಿಂದ ಮಣ್ಣಿನಲ್ಲಿ ಗೀರುತ್ತ ಕೂತ. ಜೀವದ ಪ್ರಶ್ನೆ, ಆಣೆ ಮುರಿದರೂ ಪಾಪವಿಲ್ಲ ಎಂದು ಅವಳು ಹೇಳಿದಳು. ಆಣೆಗಲ್ಲ, ನಿಮ್ಮ ಮುಖ ನೋಡಿ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ ಎಂದ.

"ನಿಮ್ಮದರಿ. ನಿಮ್ಮ ತಾಯಿ ಭರಮವ್ವಾರು ಕರಸಿದ್ರು. ಮಗಳು ಪೊಲೀಸ ಅದಾಳ, ಅಕಿಗೆ ತಗಣಿ ಸುದ್ದಿ ಗೊತ್ತಾದ್ರ ಮಂದಿ ಮುಂದ ತಲಿ ತಗ್ಗಸ್ತಾಳ, ಹೇಳಬ್ಯಾಡ ಅಂತ ಕೈ ಹಿಡದಿದ್ರು."

ಚೌಕಿಯ ಹಿಂದಿನ ಮೂರನೆಯ ಓಣಿಯಲ್ಲಿ ದಾಕ್ಷಾಯಿಣಿಯ ಬಾಡಿಗೆ ಮನೆ. ನಿನ್ನೆ ಕ್ಯಾನು ಹೊರಿಸಿ ಅವನನ್ನು ಕರೆತರುವಾಗ ಆ ಓಣಿಯ ತುದಿಯಲ್ಲೇ ಹಾದುಬಂದಿದ್ದಳು. ಅವ್ವ ಗೇಟಿನಲ್ಲಿ ನಿಂತಿದ್ದಳು, ಇವರನ್ನು ಕಂಡೊಡನೆ ಒಳಗೆ ಹೋಗಿದ್ದಳು. ಅವನು ಕತ್ತೆತ್ತಿ ಒಂದು ಸಲ ಆ ಕಡೆ ನೋಡಿದ್ದರೆ ಸಾಕಿತ್ತು, ಅವಳಿಗೆ ಏನೋ ತಿಳಿಯುತ್ತಿತ್ತು. ಅವನು ನೋಡಿರಲಿಲ್ಲ.

ಊಟವಾದ ಮೇಲೆ ಈ ಹೊತ್ತಿನಲ್ಲಿ ಅವ್ವ ಮಲಗುತ್ತಾಳೆ.

ಇಬ್ಬರೂ ಓಡಿದರು. ಶಿದ್ರಾಮ ಓಡುತ್ತಲೇ ಹೇಳಿದ, ನೀವು ಒಳಗೆ ನುಗ್ಗಬೇಡಿ, ಹೊರಗಿನಿಂದ ಕಿಟಕಿ ಒಡೆದು ಗಾಳಿ ಬಿಡಬೇಕು, ಅಗ್ನಿಶಾಮಕದವರನ್ನು ನೇರ ಮನೆಗೇ ಕರೆಸಿ. ಅವಳು ಭೀಮಶಿಗೆ ಫೋನ್ ಹಚ್ಚಿ ಮನೆಯ ಗುರುತು ಹೇಳಿದಳು.

ಓಣಿಯಲ್ಲಿ ಯಾರೂ ಇರಲಿಲ್ಲ. ಕಪ್ಪು ಬೈಕೂ ಇರಲಿಲ್ಲ.

ಮಲಗುವ ಕೋಣೆಯ ಕಿಟಕಿಯ ಸುತ್ತ ಕಂದು ಟೇಪು ಹೊಸದಾಗಿ, ಒಂದು ಗುಳ್ಳೆಯೂ ಏಳದಂತೆ ಬಿಗಿಯಾಗಿ ಮೆತ್ತಿತ್ತು. ಮೆಟ್ಟಿಲ ಮೇಲೆ ಅವ್ವನ ಚಪ್ಪಲಿ, ಎರಡೂ ಜೋಡಿಸಿ ಇಟ್ಟದ್ದು. ಅವಳು ಬರಿಗಾಲಲ್ಲಿ ಹೊರಗೆ ಹೋಗುವವಳಲ್ಲ.

ಶಿದ್ರಾಮ ಕಾಂಪೌಂಡಿನ ಒಂದು ಕಲ್ಲು ಕಿತ್ತುಕೊಂಡು ಕಿಟಕಿಯ ಕಡೆ ಹೋದ. ದಾಕ್ಷಾಯಿಣಿ ಮುಂಬಾಗಿಲಿಗೆ ಬಂದು ಸೊಂಟದ ಕೀಲಿಕೈ ಗೊಂಚಲು ತೆಗೆದಳು. ಮೊದಲನೆಯ ಕೀಲಿ ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ.

ಆಗ ಅವಳು ಸರಿಯಾಗಿ ನೋಡಿದಳು. ಚಿಲಕಕ್ಕೆ ಹೊರಗಿನಿಂದ ತೂಗಿದ್ದ ಬೀಗ ಹೊಚ್ಚ ಹೊಸದು. ಅದು ಅವರ ಮನೆಯದಾಗಿರಲಿಲ್ಲ.